ಮಕ್ಕಳ ಕೈಕೆಲಸದ ಮನೆ ಸಾಮಗ್ರಿಗಳು

ಅಡುಗೆಮನೆ, ಹಿತ್ತಿಲು, ಹೊಲ ಮತ್ತು ರದ್ದಿಯಲ್ಲಿ ಸಿಗುವ ಪದಾರ್ಥಗಳಿಂದ ಮನೆಯಲ್ಲೇ ತಯಾರಿಸಿ, ಮಕ್ಕಳು ಅಂಟಿಸಲು, ಆಕಾರ ಮೂಡಿಸಲು, ಬಣ್ಣ ಹಚ್ಚಲು, ಅಚ್ಚೊತ್ತಲು ಬಳಸುವ ವಸ್ತುಗಳನ್ನು ಮಕ್ಕಳ ಕೈಕೆಲಸದ ಮನೆ ಸಾಮಗ್ರಿಗಳು ಎನ್ನುತ್ತಾರೆ. ಮೈದಾ ಅಂಟು, ಉಪ್ಪಿನ ಕಣಕ, ಕಾಗದದ ತಿರುಳು, ಹದ ಮಾಡಿದ ಮಣ್ಣು, ಗಿಡಮೂಲದ ಬಣ್ಣ, ಒಡೆದ ಹಾಲಿನ ಗಟ್ಟಿ, ತೆಂಗಿನ ಗರಿ, ಜೋಳದ ದಂಟು ಇವುಗಳಲ್ಲಿ ಮುಖ್ಯವಾದವು. ಅಂಗಡಿಯ ಸಾಮಗ್ರಿಗೆ ಇವು ಅಗ್ಗದ ಬದಲಿ ಮಾತ್ರವಲ್ಲ. ಸಾಮಗ್ರಿಯನ್ನು ತಯಾರಿಸುವುದೇ ಇಲ್ಲಿ ಅರ್ಧ ಕೆಲಸ. ಹಿಟ್ಟು ಅಂಟಾಗುವುದನ್ನೂ ಮಣ್ಣು ಬಿರಿಯುವುದನ್ನೂ ಮಗು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿಯುತ್ತದೆ.

ಪರಿಭಾಷೆ

ಕರಕುಶಲ ಎಂಬ ಪದ ಕನ್ನಡದಲ್ಲಿ ಹೆಚ್ಚಾಗಿ ಚನ್ನಪಟ್ಟಣ, ಕಿನ್ನಾಳದಂಥ ಊರುಗಳ ವೃತ್ತಿಪರ ಕಸುಬುಗಳಿಗೆ ಸಲ್ಲುತ್ತದೆ. ಮಕ್ಕಳು ಮನೆಯಲ್ಲಿ, ಶಾಲೆಯಲ್ಲಿ ಮಾಡುವುದನ್ನು ಕೈಕೆಲಸ ಅಥವಾ ಕ್ರಾಫ್ಟ್ ಎನ್ನುವುದು ರೂಢಿ. ‘ಕಸದಿಂದ ರಸ’ ಎಂಬ ಜನಪ್ರಿಯ ಮಾತು ಬಳಸಿ ಬಿಟ್ಟ ವಸ್ತುಗಳ ಮರುಬಳಕೆಗೆ ಸೀಮಿತವಾದದ್ದು. ಮನೆ ಸಾಮಗ್ರಿಗಳ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಈ ಲೇಖನದಲ್ಲಿ ಅಂಟು ಎಂದರೆ ಎರಡು ವಸ್ತುಗಳನ್ನು ಕೂಡಿಸುವ ಪದಾರ್ಥ, ಕಣಕ ಎಂದರೆ ನಾದಿದ ಹಿಟ್ಟಿನ ಮುದ್ದೆ, ತಿರುಳು ಎಂದರೆ ನೆನೆಸಿ ರುಬ್ಬಿದ ಕಾಗದ.

ಹಿನ್ನೆಲೆ

ಮಕ್ಕಳ ಕೈಗೆ ಸಾಮಗ್ರಿ ಕೊಟ್ಟು ಕಲಿಸುವುದನ್ನು ಶಿಕ್ಷಣದ ಪದ್ಧತಿಯಾಗಿ ರೂಪಿಸಿದವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ ಪ್ರಮುಖರು. ಅವರು 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಆರಂಭಿಸಿದ ಶಿಶುಶಾಲೆಯೇ ಮುಂದೆ ಕಿಂಡರ್‌ಗಾರ್ಟನ್ ಎಂದು ಹೆಸರಾಯಿತು. ಕಾಗದ ಮಡಚುವುದು, ಕಾಗದದ ಪಟ್ಟಿ ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕಾರ ಮಾಡುವುದು ಅಲ್ಲಿನ ದಿನಚರಿಯ ಭಾಗವಾಗಿದ್ದವು. ಭಾರತದಲ್ಲಿ 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬನ್ನು ಕಲಿಕೆಯ ನಡುವೆಯೇ ಇರಿಸಿತು.

ಕಾರ್ಖಾನೆಯ ಸಾಮಗ್ರಿಗಳು ಬಂದದ್ದು ಇದರ ಜೊತೆಜೊತೆಗೆ. ಇಂಗ್ಲೆಂಡಿನ ಬಾತ್ ನಗರದ ಕಲಾಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ಒಣಗದ ಮೇಣಮಣ್ಣು ಪ್ಲಾಸ್ಟಿಸೀನ್ ತಯಾರಿಸಿದರು. 1956ರಲ್ಲಿ ಅಮೆರಿಕದಲ್ಲಿ ಆಟಿಕೆಯಾಗಿ ಮಾರಾಟಕ್ಕೆ ಬಂದ ಪ್ಲೇ-ಡೋ ಮೊದಲು ಗೋಡೆಕಾಗದದ ಮಸಿ ತೆಗೆಯುವ ಮುದ್ದೆಯಾಗಿತ್ತು. ಮಕ್ಕಳು ಅದರಲ್ಲಿ ಆಡುವುದನ್ನು ಕಂಡ ಮೇಲೆ ಅದರ ಉಪಯೋಗ ಬದಲಾಯಿತು. ಇಂದು ಮನೆಗಳಲ್ಲಿ ಮಾಡುವ ಬೇಯಿಸಿದ ಕಣಕ ಅದೇ ಜಾತಿಯದು.

ಕರ್ನಾಟಕದಲ್ಲಿ ಈ ಸಾಮಗ್ರಿಗಳ ಬೇರು ಶಾಲೆಗಿಂತ ಮೊದಲು ಹಬ್ಬ ಮತ್ತು ಬೇಸಾಯದಲ್ಲಿದೆ. ಮಣ್ಣೆತ್ತು, ಹಸೆ ಚಿತ್ತಾರ, ಓಕುಳಿ, ಕಾಗದದ ಬುಟ್ಟಿ, ದಂಟಿನ ಬಂಡಿ ಯಾವುದನ್ನೂ ಮಕ್ಕಳಿಗಾಗಿ ಪ್ರತ್ಯೇಕವಾಗಿ ಕಂಡುಹಿಡಿದದ್ದಲ್ಲ. ದೊಡ್ಡವರು ಮಾಡುವಾಗ ಪಕ್ಕದಲ್ಲಿ ಕುಳಿತ ಮಕ್ಕಳಿಗೂ ಒಂದು ಮುದ್ದೆ, ಒಂದು ಕಡ್ಡಿ ಸಿಗುತ್ತಿತ್ತು.

ರಚನೆ

ಬಹುತೇಕ ಮನೆ ಸಾಮಗ್ರಿಗಳಲ್ಲಿ ಮೂರು ಅಂಗಗಳಿರುತ್ತವೆ. ಗಾತ್ರ ಕೊಡುವ ಪದಾರ್ಥ ಒಂದು, ಅದನ್ನು ಹಿಡಿದಿಡುವ ಬಂಧಕ ಇನ್ನೊಂದು, ಕೆಡದಂತೆ ಅಥವಾ ಒಣಗದಂತೆ ನೋಡಿಕೊಳ್ಳುವುದು ಮೂರನೆಯದು. ಕಾಗದದ ಬುಟ್ಟಿಯಲ್ಲಿ ರುಬ್ಬಿದ ಕಾಗದ ಗಾತ್ರ, ಮೆಂತ್ಯದ ಲೋಳೆ ಬಂಧಕ. ಉಪ್ಪಿನ ಕಣಕದಲ್ಲಿ ಮೈದಾ ಈ ಎರಡೂ ಕೆಲಸ ಮಾಡುತ್ತದೆ, ಉಪ್ಪು ಬೂಷ್ಟು ತಡೆಯುತ್ತದೆ. ವೃತ್ತಿಪರರ ಸಾಮಗ್ರಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಬೊಂಬೆಗಳಿಗೆ ಬಳಸುವ ‘ಕಿಟ್ಟ’ದಲ್ಲಿ ಸೆಣಬಿನ ಚಿಂದಿಯ ಪುಡಿ ಮತ್ತು ಮರದ ಹೊಟ್ಟು ಗಾತ್ರ ಕೊಟ್ಟರೆ ಹುಣಸೆ ಬೀಜದ ಅಂಟು ಅವನ್ನು ಬಿಗಿಯುತ್ತದೆ. ಈ ಒಂದು ಸೂತ್ರ ಮನದಟ್ಟಾದರೆ ಪಾಕವಿಧಾನದ ಅಳತೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮುದ್ದೆ ಬಿರಿದರೆ ಬಂಧಕ ಸಾಲದು, ಕುಸಿದರೆ ನೀರು ಹೆಚ್ಚು.

ಅಂಟುಗಳು

ಮೈದಾ ಅಂಟು ಎಲ್ಲಕ್ಕಿಂತ ಸುಲಭವಾದದ್ದು. ಗೋಡೆಗೆ ಭಿತ್ತಿಪತ್ರ ಹಚ್ಚುವವರೂ ಪುಸ್ತಕಕ್ಕೆ ರಟ್ಟು ಕಟ್ಟುವವರೂ ಬಹುಕಾಲ ಇದನ್ನೇ ನೆಚ್ಚಿದ್ದರು. ಅರ್ಧ ಬಟ್ಟಲು ಮೈದಾವನ್ನು ಅಷ್ಟೇ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ಎರಡು ಬಟ್ಟಲು ನೀರಿಗೆ ಸಣ್ಣ ಧಾರೆಯಾಗಿ ಸುರಿದು ತಿರುವಬೇಕು. ಗೋಧಿಯ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಹೀರಿ ಉಬ್ಬತೊಡಗುತ್ತವೆ. ಹಾಲಿನಂತೆ ಬೆಳ್ಳಗಿದ್ದ ನೀರು ಮಾಸಿ ಹೊಳಪು ಬಂದು ಸೌಟಿನ ಬೆನ್ನಿಗೆ ಅಂಟಿಕೊಂಡಾಗ ಹದ ಬಂತೆಂದು ಅರ್ಥ. ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಹೊರಪದರ ಬೆಂದು ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಈ ಅಂಟು ಎರಡು ಮೂರು ದಿನಕ್ಕೆ ಹುಳಿಯುತ್ತದೆ. ಚಿಟಿಕೆ ಪಟಿಕದ ಪುಡಿ ಸೇರಿಸಿದರೆ ಇನ್ನಷ್ಟು ದಿನ ತಾಳುತ್ತದೆ. ರಟ್ಟು ಕಟ್ಟುವವರು ಹುಳ ಹಿಡಿಯದಿರಲೆಂದು ಬೆರೆಸುತ್ತಿದ್ದ ಮೈಲುತುತ್ತ ವಿಷವಾದ್ದರಿಂದ ಮಕ್ಕಳ ಅಂಟಿಗೆ ಅದನ್ನು ಹಾಕಲೇಬಾರದು.

ಅನ್ನದ ಗಂಜಿ, ಮೈದಾ ಒಗ್ಗದವರಿಗೆ ಅಕ್ಕಿಹಿಟ್ಟಿನ ಅಂಟು, ನೀರಿನಲ್ಲಿ ನೆನೆಸಿ ಕರಗಿಸಿದ ಜಾಲಿ ಅಥವಾ ಬೇವಿನ ಗೋಂದು ಕೂಡ ಬಳಕೆಯಲ್ಲಿವೆ. ಗಾಳಿಪಟದ ತೆಳು ಕಾಗದಕ್ಕೆ ನಾಲ್ಕು ಅಗುಳು ಅನ್ನವನ್ನು ಬೆರಳಲ್ಲಿ ಹಿಸುಕಿ ಹಚ್ಚುವುದು ಇಂದಿಗೂ ಸಾಕಾಗುತ್ತದೆ.

ಕಣಕಗಳು

ಉಪ್ಪಿನ ಕಣಕಕ್ಕೆ ಎರಡು ಅಳತೆ ಮೈದಾ, ಒಂದು ಅಳತೆ ಪುಡಿಯುಪ್ಪು, ಸುಮಾರು ಒಂದು ಅಳತೆ ನೀರು ಬೇಕು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಬೇಕಾದ ಆಕಾರ ಮಾಡಿ, ಬಿಸಿಲಲ್ಲಿ ಕೆಲವು ದಿನ ಅಥವಾ ಓವನ್ನಿನ ಸಣ್ಣ ಕಾವಿನಲ್ಲಿ ಕೆಲವು ಗಂಟೆ ಒಣಗಿಸಿದರೆ ಕಲ್ಲಿನಂತಾಗುತ್ತದೆ. ಉಪ್ಪು ಗಾಳಿಯ ತೇವ ಹೀರುವುದರಿಂದ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಬೊಂಬೆಗಳು ಬೆವರಿ ಮೆತ್ತಗಾಗುತ್ತವೆ. ಅಂಥ ಕಡೆ ವಾರ್ನಿಷ್ ಬಳಿಯಬೇಕು, ಇಲ್ಲವೇ ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಬೇಕು.

ಮತ್ತೆ ಮತ್ತೆ ಮುರಿದು ಕಟ್ಟುವ ಆಟಕ್ಕೆ ಬೇಯಿಸಿದ ಕಣಕ ಮೇಲು. ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ಉಪ್ಪು, ಒಂದು ಬಟ್ಟಲು ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ದೊಡ್ಡ ಚಮಚ ನಿಂಬೆರಸ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ಕೆದಕಿದರೆ ಅದು ಬಾಣಲೆ ಬಿಟ್ಟು ಒಂದೇ ಮುದ್ದೆಯಾಗುತ್ತದೆ. ಎಣ್ಣೆ ತೇವವನ್ನು ಹಿಡಿದಿಡುತ್ತದೆ, ಉಪ್ಪು ಮತ್ತು ಹುಳಿ ಕೆಡದಂತೆ ಕಾಯುತ್ತವೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಇದು ವಾರಗಟ್ಟಲೆ ಮೆತ್ತಗೆ ಉಳಿಯುತ್ತದೆ.

ಇವೆರಡರ ಆಚೆಗೆ ಹಾಲಿನ ಗಟ್ಟಿ ಇದೆ. ಕುದಿ ಬರುವ ಮುನ್ನ ಇಳಿಸಿದ ಒಂದು ಬಟ್ಟಲು ಹಾಲಿಗೆ ನಾಲ್ಕು ಚಮಚ ವಿನಿಗರ್ ಹಾಕಿದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಗಟ್ಟಿಯಾಗಿ ಬೇರ್ಪಡುತ್ತದೆ. ಅದನ್ನು ಬಟ್ಟೆಯಲ್ಲಿ ಹಿಂಡಿ, ನಾದಿ, ಗುಂಡಿ ಅಥವಾ ಮಣಿ ಮಾಡಿ ಒಂದೆರಡು ದಿನ ಒಣಗಿಸಿದರೆ ಗಡುಸಾಗುತ್ತದೆ. 1899ರಲ್ಲಿ ಪೇಟೆಂಟ್ ಪಡೆದ ಗ್ಯಾಲಲಿತ್ ಎಂಬ ವಸ್ತು ಇದೇ ಕೇಸಿನ್‌ನಿಂದ ಆದದ್ದು. ಒಂದು ಕಾಲಕ್ಕೆ ಅಂಗಿಯ ಗುಂಡಿಗಳು ಅದರಿಂದ ತಯಾರಾಗುತ್ತಿದ್ದವು. ಮೆಕ್ಕೆಜೋಳದ ಪಿಷ್ಟವಾದ ಕಾರ್ನ್‌ಫ್ಲೋರ್ ಎರಡು ಪಾಲು, ನೀರು ಒಂದು ಪಾಲು ಕಲಸಿದರೆ ಹಿಸುಕಿದಾಗ ಗಟ್ಟಿಯಾಗಿ, ಬಿಟ್ಟಾಗ ಹರಿಯುವ ವಿಚಿತ್ರ ದ್ರವ ಸಿಗುತ್ತದೆ. ಅದರಿಂದ ಏನನ್ನೂ ಕಟ್ಟಲಾಗದು, ಬರೀ ಆಟಕ್ಕಷ್ಟೇ.

ಕಾಗದದ ತಿರುಳು

ಹಳೆಯ ಮನೆಗಳಲ್ಲಿ ರದ್ದಿ ಕಾಗದ ಮತ್ತು ಮೆಂತ್ಯದಿಂದ ಬುಟ್ಟಿ ಮಾಡುವ, ಬಿದಿರಿನ ಮೊರದ ಸಂದುಗಳನ್ನು ಅದೇ ಮುದ್ದೆಯಿಂದ ಮೆತ್ತುವ ಪದ್ಧತಿಯಿತ್ತು. ಕಾಶ್ಮೀರದಲ್ಲಿ ಕಾಗದದ ತಿರುಳು ದೊಡ್ಡ ಕಸುಬಾಗಿಯೇ ಬೆಳೆಯಿತು. ಮಕ್ಕಳಿಗೆ ಕಲಿಸಬೇಕಾದ ಒಂದೇ ಒಂದು ಕೆಲಸವನ್ನು ಆರಿಸುವುದಾದರೆ ಕಾಗದದ ಬುಟ್ಟಿಯನ್ನೇ ಆರಿಸಬೇಕು. ಖರ್ಚಿಲ್ಲ, ಒಲೆ ಬೇಡ, ಕೊನೆಗೆ ಕೈಯಲ್ಲಿ ಉಳಿಯುವುದು ನಿಜವಾಗಿ ಬಳಸಬಹುದಾದ ವಸ್ತು.

ಹಳೆಯ ಪತ್ರಿಕೆಯನ್ನು ಚೂರುಚೂರು ಹರಿದು ಒಂದೆರಡು ದಿನ ನೀರಿನಲ್ಲಿ ನೆನೆಸಬೇಕು. ಹರಿಯುವ ಕೆಲಸ ಮೂರು ವರ್ಷದ ಮಗುವಿಗೂ ಬರುತ್ತದೆ. ನೆನೆದ ಕಾಗದವನ್ನು ಹಿಂಡಿ ಒರಳಿನಲ್ಲೋ ಮಿಕ್ಸಿಯಲ್ಲೋ ರುಬ್ಬಿ, ರಾತ್ರಿ ನೆನೆಸಿದ ಒಂದು ಹಿಡಿ ಮೆಂತ್ಯವನ್ನೂ ರುಬ್ಬಿ ಸೇರಿಸಬೇಕು. ಮೆಂತ್ಯದ ಬೀಜದಲ್ಲಿರುವ ಲೋಳೆ ನೀರಿನಲ್ಲಿ ಉಬ್ಬಿ ಕಾಗದದ ಎಳೆಗಳನ್ನು ಹಿಡಿಯುತ್ತದೆ. ಒಣಗಿದ ಮೇಲೆ ಅದರ ಕಹಿ ಹುಳವನ್ನು ದೂರವಿಡುತ್ತದೆಂದು ಹಿರಿಯರ ನಂಬಿಕೆ. ಸ್ಟೀಲಿನ ಬಟ್ಟಲನ್ನು ಬೋರಲಾಗಿಟ್ಟು ಹೊರಮೈಗೆ ಎಣ್ಣೆ ಸವರಿ, ಮುದ್ದೆಯನ್ನು ಬೆರಳ ದಪ್ಪಕ್ಕೆ ತಟ್ಟುತ್ತಾ ಹೋಗಬೇಕು. ಅಂಚಿನಲ್ಲಿ ತೆಳುವಾದರೆ ಅಲ್ಲೇ ಬಿರಿಯುತ್ತದೆ. ಮೊದಲ ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಮೂರು ನಾಲ್ಕು ದಿನ ಇಟ್ಟರೆ ನೀರು ಆರಿ, ತಟ್ಟಿದರೆ ಟಕಟಕ ಸದ್ದು ಬರುತ್ತದೆ. ಆಗ ಬಟ್ಟಲಿನಿಂದ ಬಿಡಿಸಿ, ಮೈದಾ ಅಂಟಿನಲ್ಲಿ ಬಿಳಿ ಕಾಗದ ಹಚ್ಚಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಚುಕ್ಕಿ ಇಡಬಹುದು. ಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿ ಸೂಚಿಸಿದೆ. ಮುದ್ರಣದ ಮಸಿಯ ಕಾರಣದಿಂದ ಈ ಬುಟ್ಟಿಯಲ್ಲೂ ತಿಂಡಿ ಇಡದೆ ಪೆನ್ಸಿಲು, ನೂಲು, ಗೋಲಿ ಇಡುವುದು ಸರಿ.

ಮಣ್ಣು

ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಮನೆಯಲ್ಲಿ ಜೋಡಿ ಎತ್ತು ಮತ್ತು ಮೇವಿನ ಗೋದಲಿಯನ್ನು ಮಣ್ಣಿನಲ್ಲಿ ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ ಬರುತ್ತಾರೆ. ಹೀಗೆ ಮಳೆಗಾಲದ ಉದ್ದಕ್ಕೂ ಮಕ್ಕಳ ಕೈಗೆ ಮಣ್ಣು ಸಿಗುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಹೊಲದ ಮಣ್ಣನ್ನೇ ತಂದು ಹೊಲ ಉಳುವ ಎತ್ತನ್ನು ಮಾಡುವುದು ಈ ನಾಡಿನ ಮಕ್ಕಳಿಗೆ ಸಿಕ್ಕಿರುವ ದೊಡ್ಡ ಪಾಠ.

ಆ ಭಾಗದ ಎರೆಮಣ್ಣು ನೀರು ಹೀರಿ ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಣುವ ಬಿರುಕೇ ಎತ್ತಿನ ಕಾಲಲ್ಲೂ ಕಾಣಿಸಿಕೊಳ್ಳುತ್ತದೆ. ಅದನ್ನು ತಡೆಯಲು ಮಣ್ಣನ್ನು ಜರಡಿ ಹಿಡಿದು, ನೆನೆಸಿ, ಅದಕ್ಕೆ ಹತ್ತಿ, ಸಣ್ಣಗೆ ಕತ್ತರಿಸಿದ ಹುಲ್ಲು ಅಥವಾ ಸ್ವಲ್ಪ ಮರಳು ಸೇರಿಸಿ ತುಳಿದು ನಾದುತ್ತಾರೆ. ಹತ್ತಿಯ ಎಳೆ ಮಣ್ಣನ್ನು ಹಿಡಿದು ನಿಲ್ಲಿಸಿದರೆ, ಮರಳು ಕುಗ್ಗುವಿಕೆಯನ್ನು ತಗ್ಗಿಸುತ್ತದೆ. ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸುವುದಕ್ಕಿಂತ ಒಂದೇ ಮುದ್ದೆಯಿಂದ ಎಳೆದು ತೆಗೆದರೆ ಗಟ್ಟಿ. ಬೇರೆ ಮಾಡಿದ್ದಾದರೆ ಕೂಡಿಸುವ ಎರಡೂ ಕಡೆ ಕಡ್ಡಿಯಿಂದ ಗೀರಿ, ಮಣ್ಣಿನ ರಾಡಿ ಹಚ್ಚಿ ಒತ್ತಬೇಕು. ಬಿಸಿಲಿಗಿಡದೆ ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ನಿಧಾನವಾಗಿ ಆರಿಸುವುದು ಎಲ್ಲಕ್ಕಿಂತ ಮುಖ್ಯ. ಸುಡದ ಮಣ್ಣಾದ್ದರಿಂದ ನೀರಿಗೆ ಹಾಕಿದರೆ ಮತ್ತೆ ಮಣ್ಣೇ ಆಗುತ್ತದೆ, ಮುಂದಿನ ಕೆಲಸಕ್ಕೂ ಒದಗುತ್ತದೆ.

ಬಣ್ಣಗಳು

ಮನೆಯ ಬಣ್ಣಗಳಲ್ಲಿ ಎರಡು ಬಗೆ. ಕೆಮ್ಮಣ್ಣು, ಇದ್ದಿಲು, ಜೇಡಿ, ಸುಣ್ಣ ಇವು ನೀರಿನಲ್ಲಿ ಕರಗದ ಪುಡಿಗಳು, ಬಿಸಿಲಿಗೆ ಮಾಸುವುದಿಲ್ಲ. ಬೀಟ್‌ರೂಟ್, ದಾಸವಾಳ, ಶಂಖಪುಷ್ಪ, ಅರಿಶಿನದ ಬಣ್ಣಗಳು ಗಿಡದ ರಸಗಳು. ಕಣ್ಣಿಗೆ ಹೊಡೆಯುವಷ್ಟು ಚೆಲುವಾಗಿದ್ದರೂ ಬೆಳಕಿಗೆ ಬೇಗ ಕಳೆಗುಂದುತ್ತವೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಮೊದಲ ಬಗೆ, ಪ್ರಯೋಗಕ್ಕೆ ಎರಡನೆಯ ಬಗೆ ಸೂಕ್ತ. ಎರಡಕ್ಕೂ ಗಂಜಿತಿಳಿ ಅಥವಾ ಗೋಂದಿನ ನೀರು ಬೆರೆಸಿದರೆ ಒಣಗಿದ ಮೇಲೆ ಕೈಗೆ ಹತ್ತುವುದಿಲ್ಲ.

ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರ ಈ ಬಣ್ಣಗಳ ಪಕ್ವ ರೂಪ. ಕೆಮ್ಮಣ್ಣಿನಿಂದ ಕೆಂಪು, ನೆನೆಸಿ ರುಬ್ಬಿದ ಅಕ್ಕಿಯಿಂದ ಬಿಳಿ, ಕರಿಕಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯ ಬೀಜದಿಂದ ಹಳದಿ ತೆಗೆಯುತ್ತಾರೆ. ಪುಂಡಿ ನಾರೇ ಕುಂಚ. ಮಕ್ಕಳ ಕುಂಚಕ್ಕೆ ತುದಿ ಜಜ್ಜಿದ ಈಚಲು ಕಡ್ಡಿ ಸಾಕು. ಅಡ್ಡ ಕತ್ತರಿಸಿದ ಬೆಂಡೆಕಾಯಿ ಹೂವಿನಂಥ ಅಚ್ಚು ಕೊಡುತ್ತದೆ, ಬಾಳೆದಿಂಡು ಜಾಲರಿಯಂಥದ್ದು.

ಅರಿಶಿನದ ವರ್ಣಪದಾರ್ಥವಾದ ಕುರ್ಕುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಮದುವೆ, ಆರತಿಗಳ ಓಕುಳಿ ಎಂದರೆ ಇದೇ, ಸುಣ್ಣ ಸೇರಿದ ಅರಿಶಿನದ ನೀರು. ಇದರ ಮೇಲೆ ಒಂದು ಸರಳ ಕೆಲಸ ನಿಂತಿದೆ. ಬಿಳಿ ರಟ್ಟಿಗೆ ಅರಿಶಿನದ ನೀರು ಬಳಿದು ಒಣಗಿಸಿ, ಸಾಬೂನಿನ ನೀರಲ್ಲಿ ಅದ್ದಿದ ಕಡ್ಡಿಯಿಂದ ಬರೆದರೆ ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಸವರಿದರೆ ಗೆರೆ ಮತ್ತೆ ಹಳದಿಗೆ ತಿರುಗುತ್ತದೆ. ಶಂಖಪುಷ್ಪದ ನೀಲಿ ರಸ ನಿಂಬೆಹುಳಿ ಬಿದ್ದರೆ ನೇರಳೆ, ಗುಲಾಬಿಯತ್ತ ತಿರುಗುತ್ತದೆ. ಆಮ್ಲ, ಕ್ಷಾರ ಎಂಬ ಪದಗಳು ಪಠ್ಯದಲ್ಲಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಮಗು ಅವುಗಳ ಕೆಲಸವನ್ನು ನೋಡಿರುತ್ತದೆ.

ಹೊಲ ಮತ್ತು ಹಿತ್ತಿಲಿನ ಸಾಮಗ್ರಿ

ತಯಾರಿಯೇ ಬೇಡದ ಸಾಮಗ್ರಿಗಳು ಇಲ್ಲಿ ಸೇರುತ್ತವೆ. ತೆಂಗಿನ ಗರಿಯಿಂದ ಪೀಪಿ, ಗಿರಿಗಿಟ್ಲೆ, ಕೈಗಡಿಯಾರ, ಹಾವು, ಚೆಂಡು ಆಗುತ್ತವೆ. ತಾಟಿನಿಂಗಿನ ಖಾಲಿ ಕಾಯಿಗಳಿಗೆ ಕಡ್ಡಿ ಚುಚ್ಚಿದರೆ ಎರಡು ಗಾಲಿಯ ಗಾಡಿ ಸಿದ್ಧ. ಬಯಲುಸೀಮೆಯ ಜೋಳದ ದಂಟು ಇವೆಲ್ಲವನ್ನೂ ಮೀರಿಸುತ್ತದೆ. ಒಣ ದಂಟಿನ ಹೊರಸಿಪ್ಪೆಯನ್ನು ಸೀಳಿದರೆ ಗಟ್ಟಿಯಾದ ಸಿಬಿರು, ಒಳಗೆ ಹಗುರವಾದ ಬೆಂಡು. ಬೆಂಡಿನ ತುಂಡುಗಳಿಗೆ ಸಿಬಿರನ್ನೇ ಮೊಳೆಯಂತೆ ಚುಚ್ಚಿ ಬಂಡಿ, ನೇಗಿಲು, ಕನ್ನಡಕ ಕಟ್ಟುತ್ತಾರೆ. ಮರವೂ ಮೊಳೆಯೂ ಒಂದೇ ದಂಟಿನೊಳಗೆ ಇರುವ ಇಂಥ ಸಾಮಗ್ರಿ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಬಿರಿನ ಅಂಚು ಹರಿತವಾದ್ದರಿಂದ ಸೀಳುವ ಕೆಲಸ ದೊಡ್ಡವರದು.

ಉಪಯೋಗ

ಮೂರು ವರ್ಷದ ಆಸುಪಾಸಿನಲ್ಲಿ ಹರಿಯುವುದು, ಹಿಸುಕುವುದು, ತಟ್ಟುವುದು. ಐದಾರರ ಹೊತ್ತಿಗೆ ಅಂಟಿಸುವುದು, ಅಚ್ಚೊತ್ತುವುದು. ಎಂಟರ ನಂತರ ಅಳೆದು ಕಲಸುವುದು, ಕತ್ತರಿಸುವುದು, ಹೆಣೆಯುವುದು ಮಕ್ಕಳಿಗೆ ಕೈಹತ್ತುತ್ತದೆ. ಕಣಕ ನಾದುವುದು ಬೆರಳುಗಳಿಗೆ ಬಲ ಕೊಟ್ಟು ಬರವಣಿಗೆಗೆ ಅಣಿಮಾಡುತ್ತದೆ. ಶಿಶುವಿಹಾರಗಳಲ್ಲಿ ಇದಕ್ಕೆ ಜಾಗವಿರುವುದು ಆ ಕಾರಣಕ್ಕೆ. ಮನೆ ಸಾಮಗ್ರಿಗಳ ಬಳಕೆಯನ್ನು ವಿಜ್ಞಾನ ಕಲಿಕೆಗೆ ವಿಸ್ತರಿಸಿದವರಲ್ಲಿ ಅರವಿಂದ ಗುಪ್ತಾ ಮುಖ್ಯರು. ಮಧ್ಯಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಿಂದ ಪ್ರೇರಣೆ ಪಡೆದ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೆಯ ಕಾಗದದಿಂದ ನೂರಾರು ಆಟಿಕೆಗಳನ್ನು ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಸುರಕ್ಷತೆ

ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯಕರ ಎಂಬುದು ತಪ್ಪು ಕಲ್ಪನೆ. ಉಪ್ಪಿನ ಕಣಕವನ್ನು ಪುಟ್ಟ ಮಗುವಾಗಲಿ ಸಾಕುನಾಯಿಯಾಗಲಿ ಹೆಚ್ಚು ತಿಂದರೆ ದೇಹದಲ್ಲಿ ಉಪ್ಪಿನ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಚಿಕ್ಕ ಮಕ್ಕಳ ಓಕುಳಿ ಪ್ರಯೋಗಕ್ಕೆ ಸಾಬೂನು ನೀರನ್ನು ಹೇಳಿರುವುದು ಅದಕ್ಕಾಗಿ. ಮಣ್ಣಿನ ಬೊಂಬೆಗಳ ಸಿಂಗಾರಕ್ಕೆ ಬಳಸುವ ಗುಲಗಂಜಿಯಲ್ಲಿ ಅಬ್ರಿನ್ ಎಂಬ ಕಡುವಿಷವಿದೆ. ಜಗಿದರೆ ಜೀವಕ್ಕೆ ಅಪಾಯ. ಅದರ ಬದಲು ಕುಸುಬಿ ಅಥವಾ ಸಾಸಿವೆ ಒತ್ತಬಹುದು. ಗುಳ್ಳೆ ಊದಲು ಕಾಡುಹರಳಿನ ಹಾಲು ಬಳಸುವ ರೂಢಿ ಕೆಲವೆಡೆ ಇದೆ. ಆ ಗಿಡದ ಬೀಜ ವಿಷವಾದ್ದರಿಂದ ಅಂಟುವಾಳದ ನೊರೆ ಲೇಸು. ಲೋಳೆಯಂಥ ಸ್ಲೈಮ್ ಮಾಡಲು ಹೇಳುವ ಬಿಳಿಗಾರವನ್ನು, ಅಂದರೆ ಬೊರಾಕ್ಸನ್ನು, ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ ನೋಡಿಕೊಳ್ಳಬೇಕು. ಮೂರು ವರ್ಷದೊಳಗಿನವರ ಬಳಿ ಮಣಿ, ಕಾಳು, ಗುಂಡಿ ಇರಬಾರದು.

ಇಂದಿನ ಸ್ಥಿತಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಅವಧಿಯಲ್ಲಿ ಯಾವಾಗಲಾದರೂ ಮಕ್ಕಳಿಗೆ 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬು ಕಲಿಯುವ ಅವಕಾಶ ಸೂಚಿಸಿದೆ. ಆಟಿಕೆ ಆಧಾರಿತ ಕಲಿಕೆಗೆ ಎನ್‌ಸಿಇಆರ್‌ಟಿ ಕೈಪಿಡಿ ತಂದಿದೆ. ಮಾರುಕಟ್ಟೆಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯವಾಗಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಹಳೆಯ ಬಣ್ಣದ ಡಬ್ಬಿಗಳನ್ನು ಮಕ್ಕಳ ಕೆಲಸಕ್ಕೆ ತೆಗೆಯಬಾರದು. ಶಾಲಾ ಮಾದರಿಗಳಲ್ಲಿ ಬಹುಕಾಲ ರಾರಾಜಿಸಿದ ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ನಿಷೇಧಕ್ಕೊಳಗಾಗಿದೆ. ಆ ಜಾಗವನ್ನು ರಟ್ಟು, ಕಾಗದದ ತಿರುಳು ಮತ್ತು ಬೆಂಡು ತುಂಬಬಲ್ಲವು.

ಗಣೇಶನ ಹಬ್ಬದ ಮುನ್ನ ಮಕ್ಕಳಿಗೆ ಮಣ್ಣಿನ ಗಣಪ ಮಾಡಿಸುವ ಶಿಬಿರಗಳು ನಗರಗಳಲ್ಲಿ ಈಗ ಸಾಮಾನ್ಯವಾಗಿವೆ. ಹಳ್ಳಿಗಳಲ್ಲಿ ಮಣ್ಣೆತ್ತುಗಳನ್ನು ಸಂತೆಯಿಂದ ಕೊಂಡು ತರುವುದು ಹೆಚ್ಚಿದೆ. ಅಂಥವುಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನವೂ ಸೇರಿವೆ. ಜೋಳದ ಬಿತ್ತನೆ ತಗ್ಗಿದ ಊರುಗಳಲ್ಲಿ ದಂಟು ಸಿಗುವುದು ಕಷ್ಟವಾಗಿದೆ. ಬಂಡಿ ಕಟ್ಟುವ ಬಗೆಯನ್ನು ಬಲ್ಲವರು ಈಗ ಹೆಚ್ಚಾಗಿ ಅಜ್ಜಂದಿರ ವಯಸ್ಸಿನವರು.